ಗುಡ್ಡ ನಿಂತ ದಿನ

ನನ್ನ ಮನಸ್ಸಿನ ಭಯಕ್ಕೆ ಚಿಕಿತ್ಸೆ ಕೊಡುವ ಮೇಡಂ ತಮ್ಮ ಕುರ್ಚಿಯನ್ನು ನನ್ನ ಎದುರಿಗೆ ಹಾಕಿಕೊಳ್ಳಲಿಲ್ಲ. ಸ್ವಲ್ಪ ಪಕ್ಕಕ್ಕೆ ಎಳೆದುಕೊಂಡು ಓರೆಯಾಗಿ ಕುಳಿತರು. ಹಾಗೆ ಕುಳಿತರೆ ಅವರ ಮುಖ ನನಗೆ ಅಷ್ಟಾಗಿ ಕಾಣುವುದಿಲ್ಲ, ಕೈ ಮಾತ್ರ ಕಾಣುತ್ತದೆ. ಎರಡು ಬೆರಳು ಎತ್ತಿ ಹಿಡಿದು, "ದೂರ ಸರಿಯಾಗಿದೆಯಾ? ಇನ್ನೂ ಹಿಂದೆ ಹೋಗಲಾ?" ಎಂದು ಕೇಳಿದರು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಒಮ್ಮೆ ಆಡಿಸಿ ನೋಡಿದರು. ಕಣ್ಣಿಗೆ ಏನೂ ತೊಂದರೆ ಇಲ್ಲ ಅಂದೆ.

"ಮಧ್ಯದಲ್ಲಿ ಸಾಕು ಅನಿಸಿದರೆ ಕೈ ಎತ್ತಿ. ತಕ್ಷಣ ನಿಲ್ಲಿಸುತ್ತೇನೆ. ಕಾರಣ ಹೇಳಬೇಕಾಗಿಲ್ಲ" ಅಂದರು.

ಆ ಕೊನೆಯ ಮಾತಿನಿಂದಲೇ ನನಗೆ ಅರ್ಧ ಧೈರ್ಯ ಬಂತು. ಕಾರಣ ಹೇಳಿ ಹೇಳಿ ನನಗೆ ಸಾಕಾಗಿತ್ತು.

ನಮ್ಮ ಮನೆ ಇದ್ದದ್ದು ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ರಸ್ತೆಯಲ್ಲಿ, ಜೋಡುಪಾಲದ ಹತ್ತಿರ. 2018ರ ಆಗಸ್ಟ್ ಮಧ್ಯದಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ನಾನು ರಜೆಗೆಂದು ಊರಿಗೆ ಹೋಗಿದ್ದೆ. ವಾರಗಟ್ಟಲೆ ಮಳೆ ಬಿಟ್ಟಿರಲಿಲ್ಲ. ಮನೆ ಹಿಂದಿನ ಒರತೆಯ ನೀರು ಕೆಂಪಾಗಿತ್ತು. ಅಂಗಳದ ಮೂಲೆಯಲ್ಲಿ ಬಿರುಕು ಬಿಟ್ಟಿತ್ತು. ಆಮೇಲೆ ಒಂದು ಬೆಳಿಗ್ಗೆ ಆ ಸದ್ದು. ತಲೆ ಎತ್ತಿ ನೋಡಿದರೆ ಮೇಲಿನ ತೋಟದ ಮರಗಳು ನಿಂತ ಹಾಗೆಯೇ ಕೆಳಗೆ ಬರುತ್ತಿವೆ. ಒಂದೂ ಬಿದ್ದಿಲ್ಲ, ಎಲ್ಲವೂ ನೆಟ್ಟಗೆ ನಿಂತೇ ನಡೆದು ಬರುತ್ತಿವೆ.

ನಾವು ಬದುಕಿದೆವು. ಅಕ್ಕಪಕ್ಕದಲ್ಲಿ ಬದುಕದವರಿದ್ದಾರೆ. ಪರಿಹಾರ ಕೇಂದ್ರ, ಶಾಲೆಯ ಬೆಂಚು, ಯಾರೋ ಕೊಟ್ಟ ಕಂಬಳಿ, ಆಮೇಲೆ ಮದೆನಾಡಿನಲ್ಲಿ ಸರ್ಕಾರ ಕಟ್ಟಿಕೊಟ್ಟ ಮನೆ. ಅಮ್ಮ ಈಗ ಅಲ್ಲಿದ್ದಾಳೆ. ನಾನು ಬೆಂಗಳೂರಿಗೆ ಕೆಲಸಕ್ಕೆ ವಾಪಸ್ ಬಂದೆ. ಎಲ್ಲರೂ "ಪುಣ್ಯ, ಉಳಿದುಕೊಂಡಿರಿ" ಅಂದರು. ನಾನೂ ಹಾಗೇ ಅಂದುಕೊಂಡೆ.

ಆದರೆ ಬೆಂಗಳೂರಿನಲ್ಲಿ ಯಾವಾಗಲೂ ಎಲ್ಲಾದರೂ ಮನೆ ಕಟ್ಟುತ್ತಲೇ ಇರುತ್ತಾರೆ ಅಲ್ವಾ? ಟಿಪ್ಪರ್ ಲಾರಿ ಬಂದು ಜಲ್ಲಿ ಸುರಿಯುವ ಸದ್ದಿಗೆ ನನ್ನ ಕಾಲು ನೆಲಕ್ಕೆ ಅಂಟಿಕೊಂಡುಬಿಡುತ್ತಿತ್ತು. ಒಮ್ಮೆ ಆಫೀಸಿನ ಮೀಟಿಂಗ್ ನಡುವೆ ಹಾಗಾಯಿತು. ಉಸಿರು ಮೇಲೆ ಬರಲಿಲ್ಲ. ಜೂನ್ ಬಂದರೆ ರಾತ್ರಿ ಎದ್ದು ಎದ್ದು ಮೊಬೈಲ್‌ನಲ್ಲಿ ಊರಿನ ಮಳೆ ನೋಡುವುದು, ಅಮ್ಮನಿಗೆ ಫೋನ್ ಮಾಡುವುದು. ವರ್ಷ ಕಳೆದ ಹಾಗೆ ಕಡಿಮೆ ಆಗುತ್ತದೆ ಅಂದಿದ್ದರು. ಜಾಸ್ತಿಯೇ ಆಯಿತು.

14416ಕ್ಕೆ ಫೋನ್ ಮಾಡಿದ್ದು ಅಂಥ ಒಂದು ರಾತ್ರಿ. ಅದು ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಆ ಕಡೆಯಿದ್ದ ಹುಡುಗಿ ಕನ್ನಡದಲ್ಲಿ ಮಾತಾಡಿದಳು, ಅವಸರ ಮಾಡಲಿಲ್ಲ. ಇದು ನಿಮ್ಮ ಧೈರ್ಯದ ಪ್ರಶ್ನೆ ಅಲ್ಲ, ಆಘಾತದ ನಂತರ ಬರುವ ತೊಂದರೆ, ಇದಕ್ಕೆ ಚಿಕಿತ್ಸೆ ಇದೆ ಎಂದು ಹೇಳಿದಳು. ಅಲ್ಲಿಂದ ಒಬ್ಬ ಮನೋವೈದ್ಯರು, ಅವರಿಂದ ಈ ಮೇಡಂ. ಕಣ್ಣಿನ ಚಲನೆಯ ಚಿಕಿತ್ಸೆಯಲ್ಲಿ ತರಬೇತಿ ಪಡೆದ ಕ್ಲಿನಿಕಲ್ ಸೈಕಾಲಜಿಸ್ಟ್. ಇಎಂಡಿಆರ್ ಅಂತ ಅದರ ಹೆಸರು.

ಬೆರಳು ಆಡಿಸಿದರೆ ಭಯ ಹೋಗುತ್ತದೆ ಅಂದರೆ ಯಾರಿಗೆ ನಂಬಿಕೆ ಬರುತ್ತದೆ? ನಾನು ಮೇಡಂಗೆ ನೇರವಾಗಿ ಕೇಳಿದೆ. ಅವರು ಬೇಸರ ಮಾಡಿಕೊಳ್ಳದೆ ಕಥೆ ಹೇಳಿದರು. ಫ್ರಾನ್ಸಿನ್ ಶಪೀರೊ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 1987ರಲ್ಲಿ ಒಂದು ಪಾರ್ಕಿನಲ್ಲಿ ನಡೆಯುತ್ತಿದ್ದರಂತೆ. ಕಾಡುವ ಯೋಚನೆ ಬಂದಾಗ ಕಣ್ಣುಗಳು ತಾವಾಗಿಯೇ ಆಚೀಚೆ ಓಡುವುದನ್ನೂ, ಆಮೇಲೆ ಆ ಯೋಚನೆಯ ಕಾವು ಇಳಿಯುವುದನ್ನೂ ಗಮನಿಸಿದರಂತೆ. ಅದನ್ನು ಬೇರೆಯವರ ಮೇಲೆ ಪರೀಕ್ಷೆ ಮಾಡಿ 1989ರಲ್ಲಿ ಮೊದಲ ಅಧ್ಯಯನ ಪ್ರಕಟಿಸಿದರು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಘಾತದ ನಂತರದ ಒತ್ತಡಕ್ಕೆ ಶಿಫಾರಸು ಮಾಡಿದ ಚಿಕಿತ್ಸೆಗಳಲ್ಲಿ ಇದೂ ಒಂದು. ನಮ್ಮ ದೇಶದಲ್ಲಿ 2001ರ ಗುಜರಾತ್ ಭೂಕಂಪದ ನಂತರ ಅಲ್ಲಿನ ಮಕ್ಕಳಿಗೆ ಇದನ್ನು ಬಳಸಿದ್ದರು.

ಕೆಲಸ ಮಾಡುವುದು ಕಣ್ಣಿನ ಚಲನೆಯೋ ಅಥವಾ ಸುರಕ್ಷಿತ ಜಾಗದಲ್ಲಿ ಕೂತು ಆ ನೆನಪನ್ನು ಎದುರಿಸುವುದೋ ಎಂಬ ಬಗ್ಗೆ ಸಂಶೋಧಕರಲ್ಲಿ ಜಗಳ ಇದೆ ಅನ್ನುವುದನ್ನೂ ಮೇಡಂ ಮುಚ್ಚಿಡಲಿಲ್ಲ. ಡಚ್ ಸಂಶೋಧಕರು ಕೊಡುವ ವಿವರಣೆ ನನಗೆ ಒಪ್ಪಿಗೆಯಾಯಿತು. ಮನಸ್ಸಿನಲ್ಲಿ ಒಂದೇ ಸಲಕ್ಕೆ ಹಿಡಿದಿಟ್ಟುಕೊಳ್ಳಲು ಇರುವ ಜಾಗ ಕಡಿಮೆ. ನೆನಪನ್ನೂ ಹಿಡಿದುಕೊಂಡು ಬೆರಳನ್ನೂ ಹಿಂಬಾಲಿಸಬೇಕಾದಾಗ ನೆನಪಿನ ಚಿತ್ರ ಮಸುಕಾಗುತ್ತದೆ, ಮಸುಕಾದ ರೂಪದಲ್ಲೇ ಮತ್ತೆ ಒಳಗೆ ಹೋಗಿ ಸೇರುತ್ತದೆ. ಜಗಳ ಮುಂದುವರಿಯಲಿ, ಅದರಿಂದ ಒಳ್ಳೆಯದೇ ಆಗುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದ ಮೇಡಂ ಮೇಲೆ ನನಗೆ ನಂಬಿಕೆ ಹೆಚ್ಚಾಯಿತು.

ಅಂದೇ ಬಂದು ಅಂದೇ ಬೆರಳು ಆಡಿಸಿದ್ದಲ್ಲ. ಅದಕ್ಕೂ ಮುಂಚೆ ಕೆಲವು ವಾರ ಬರೀ ತಯಾರಿ. ನನ್ನ ನಿದ್ರೆ, ಊಟ, ಹಳೆಯ ನೆನಪುಗಳು, ಯಾವ ಸದ್ದಿಗೆ ಏನಾಗುತ್ತದೆ ಎಲ್ಲ ಕೇಳಿದರು. ಮನಸ್ಸಿನಲ್ಲೇ ಹೋಗಿ ಕೂರಬಹುದಾದ ಒಂದು ನೆಮ್ಮದಿಯ ಜಾಗ ಹುಡುಕಲು ಹೇಳಿದರು. ನಾನು ಮೊದಲು ಮನೆ ಅಂದೆ, ಕಾಫಿ ಹೂ ಬಿಟ್ಟ ಹೊತ್ತಿನ ತೋಟ. ಕಣ್ಣು ಮುಚ್ಚಿದರೆ ಹೂವಿನ ಹಿಂದೆ ಗುಡ್ಡ ಇತ್ತು. ಅದು ಆಗಲಿಲ್ಲ. ಕೊನೆಗೆ ಸಿಕ್ಕಿದ್ದು ಗದಗದ ಕಡೆಯ ಗೆಳತಿಯ ಊರು. ಚಳಿಗಾಲದಲ್ಲಿ ಅಲ್ಲಿ ಎರೆ ಹೊಲದ ಬದುವಿನಲ್ಲಿ ಕೂತು ಬಿಸಿ ಸೀತನಿ, ಅಂದರೆ ಸುಟ್ಟ ಎಳೆ ಜೋಳ, ತಿಂದಿದ್ದೆ. ಸುತ್ತ ಜೋಳ, ಕಣ್ಣು ಹಾಯಿಸಿದಷ್ಟು ದೂರ ಬಯಲು, ಮೇಲಿಂದ ಬೀಳಲು ಏನೂ ಇಲ್ಲ. ನನ್ನ ಮೈ ಅಲ್ಲಿ ಸಡಿಲವಾಯಿತು. ಇನ್ನು ಸೆಷನ್ ಮುಗಿದ ಮೇಲೆ ಉಳಿದದ್ದನ್ನು ಹಾಕಿ ಮುಚ್ಚಿಡಲು ಒಂದು ಪೆಟ್ಟಿಗೆ ಬೇಕು ಅಂದರು. ಅಜ್ಜಿಯ ಮನೆಯ ಭತ್ತದ ಪತ್ತಾಯವನ್ನು ಆರಿಸಿಕೊಂಡೆ. ಅದರ ಮುಚ್ಚಳ ಎತ್ತಲು ಇಬ್ಬರು ಬೇಕಿತ್ತು.

ಬೆರಳು ಆಡಿಸಿದ ಆ ದಿನಕ್ಕೆ ಬರುತ್ತೇನೆ. "ಅತಿ ಕೆಟ್ಟದ್ದು ಅನಿಸುವ ಒಂದೇ ಚಿತ್ರ ಯಾವುದು?" ಎಂದು ಕೇಳಿದರು. ನಡೆದು ಬರುವ ಮರಗಳು. "ಅದನ್ನು ನೋಡಿದರೆ ನಿಮ್ಮ ಬಗ್ಗೆ ನಿಮಗೆ ಏನನಿಸುತ್ತದೆ?" ನಾನು ಒಬ್ಬಳೇ ಇದ್ದೇನೆ, ನನ್ನಿಂದ ಏನೂ ಆಗುವುದಿಲ್ಲ. "ಅದರ ಬದಲು ಏನನ್ನು ನಂಬಲು ಇಷ್ಟ?" ಅದು ಮುಗಿದಿದೆ, ನಾನು ಹೊರಗೆ ಬಂದಿದ್ದೇನೆ. ಆ ಮಾತು ಈಗ ಎಷ್ಟು ನಿಜ ಅನಿಸುತ್ತದೆ, ಒಂದರಿಂದ ಏಳರಲ್ಲಿ? ಎರಡು. ಸಂಕಟ ಎಷ್ಟು, ಸೊನ್ನೆಯಿಂದ ಹತ್ತರಲ್ಲಿ? ಒಂಬತ್ತು. ಮೈಯಲ್ಲಿ ಎಲ್ಲಿ? ಪಾದದಲ್ಲಿ, ಆಮೇಲೆ ಎದೆಗೂಡಿನ ಕೆಳಗೆ.

ಬೆರಳು ಓಡತೊಡಗಿತು. ಅಷ್ಟು ಜೋರಾಗಿ ಓಡುತ್ತದೆ ಎಂದು ನಾನು ಎಣಿಸಿರಲಿಲ್ಲ. ಅರ್ಧ ನಿಮಿಷ ಇರಬಹುದು, ನಿಂತಿತು. "ಉಸಿರು ಬಿಡಿ. ಈಗ ಏನು ಬಂತು?"

ಮರಗಳು. ಹಸಿ ಮಣ್ಣಿನ ವಾಸನೆ.

"ಸರಿ, ಅದನ್ನೇ ಗಮನಿಸಿ." ಮತ್ತೆ ಬೆರಳು.

ಇಷ್ಟೇ ಅವರ ಮಾತು. ಬುದ್ಧಿವಾದ ಇಲ್ಲ, ಸಮಾಧಾನ ಇಲ್ಲ, ವಿವರವಾಗಿ ಹೇಳಿ ಅನ್ನುವುದೂ ಇಲ್ಲ. ನನ್ನಂಥವರಿಗೆ ಇದು ದೊಡ್ಡ ಉಪಕಾರ. ಆ ಬೆಳಿಗ್ಗೆಯನ್ನು ಮೊದಲಿನಿಂದ ಕೊನೆಯವರೆಗೆ ಬಾಯಿಬಿಟ್ಟು ಹೇಳಬೇಕು ಅಂದಿದ್ದರೆ ನಾನು ಖಂಡಿತ ಎದ್ದು ಬಂದುಬಿಡುತ್ತಿದ್ದೆ.

ಮುಂದೆ ಪಾದ ನಡುಗತೊಡಗಿತು, ಕುರ್ಚಿಯಲ್ಲಿ ಕೂತಲ್ಲೇ ಓಡುವ ಹಾಗೆ. ಮೈ ತಣ್ಣಗಾಯಿತು. ಒಂದು ಸಲ ಏನೂ ಬರಲಿಲ್ಲ, ಬರೀ ಬಿಳಿ. ಇನ್ನೊಂದು ಸಲ ಸಂಬಂಧವೇ ಇಲ್ಲದೆ ನಾನು ಚಿಕ್ಕವಳಿದ್ದಾಗ ಶಾಲೆಗೆ ಹೋಗುವ ದಾರಿಯ ಕಾಲುಸಂಕ ಬಂತು. ಅದರ ಮೇಲೆ ಅಮ್ಮ ನನ್ನ ಕೈ ಹಿಡಿದು ದಾಟಿಸುತ್ತಿದ್ದಳು. "ಅದನ್ನೇ ಗಮನಿಸಿ" ಅಂದರು.

ಬೆರಳಿನ ಮುಂದಿನ ಸುತ್ತಿನಲ್ಲಿ ಆ ಕೈ ಅಂಗಳಕ್ಕೆ ಬಂತು. ಅದೇ ಬೆಳಿಗ್ಗೆ, ಅದೇ ಮಳೆ. ಅಮ್ಮ ನನ್ನ ಮಣಿಕಟ್ಟು ಹಿಡಿದು ಎಳೆಯುತ್ತಿದ್ದಾಳೆ. ಅವಳ ಇನ್ನೊಂದು ಕೈಯಲ್ಲಿ ಬೀಗದ ಕೈ. ಮನೆಗೆ ಬೀಗ ಹಾಕಿ ಬಂದಿದ್ದಾಳೆ! ಇಷ್ಟು ವರ್ಷ ನನ್ನ ನೆನಪಿನಲ್ಲಿ ನಾನು ಒಬ್ಬಳೇ ನಿಂತಿದ್ದೆ. ಅಮ್ಮ ಅಲ್ಲಿ ಇರಲೇ ಇಲ್ಲ. ನಾನು ಜೋರಾಗಿ ಅತ್ತೆ. ಬೆರಳು ನಿಲ್ಲಲಿಲ್ಲ. "ಇದ್ದೇನೆ ಇಲ್ಲಿ. ಅದು ಹಳೆಯದು, ಹೋಗಲಿ ಬಿಡಿ" ಎಂದು ಮೇಡಂ ಮೆಲ್ಲಗೆ ಹೇಳುತ್ತಿದ್ದರು. ಕೈ ಎತ್ತಬಹುದಿತ್ತು, ಎತ್ತಲಿಲ್ಲ.

ನಾವು ಓಡಿದೆವು. ರಸ್ತೆಗೆ ಬಂದೆವು. ತಿರುಗಿ ನೋಡಿದೆವು. ಕೆಸರು ನಮ್ಮ ಅಡುಗೆಮನೆಯನ್ನು ನುಂಗಿ, ಅಂಗಳದ ತುದಿಗೆ ಬಂದು ನಿಂತಿತ್ತು. ಮರಗಳು ಓರೆಯಾಗಿ ನಿಂತಿದ್ದವು. ಗುಡ್ಡ ನಿಂತಿತ್ತು.

ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಪಂಚಾಯಿತಿಯವರಿಗೂ ಅಧಿಕಾರಿಗಳಿಗೂ ಎಲ್ಲಿವರೆಗೆ ಮಣ್ಣು ಬಂತು ಎಂದು ನಾನೇ ತೋರಿಸಿದ್ದೆ. ಆದರೆ ಒಳಗಿನ ಚಿತ್ರದಲ್ಲಿ ಅದು ಯಾವತ್ತೂ ನಿಂತಿರಲಿಲ್ಲ. ಮರಗಳು ಬರುತ್ತಲೇ ಇದ್ದವು, ವರ್ಷಗಟ್ಟಲೆ. ಅಂದು ಆ ಕುರ್ಚಿಯಲ್ಲಿ ಮೊದಲ ಸಲ ಅವು ನಿಂತವು.

ಸಂಕಟ ಮೂರಕ್ಕೆ ಇಳಿದಿತ್ತು. ಸೊನ್ನೆಗೆ ಇಳಿಯಲು ಮುಂದಿನ ಸೆಷನ್‌ಗಳು ಬೇಕಾದವು. ಉಳಿದದ್ದನ್ನು ಪತ್ತಾಯಕ್ಕೆ ಹಾಕಿ, ಎರೆ ಹೊಲದಲ್ಲಿ ಸ್ವಲ್ಪ ಹೊತ್ತು ಕೂತು ಎದ್ದೆ. ಇವತ್ತು ನಾಳೆ ಕನಸು ಬೀಳಬಹುದು, ಸುಸ್ತಾಗಬಹುದು, ಬಂದದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡಿ ಅಂದರು. ನಿಜಕ್ಕೂ ಸುಸ್ತಾಗಿತ್ತು. ಮನೆಗೆ ಬಂದು ಗಂಜಿ, ಚಟ್ನಿ ಉಂಡು ಮಲಗಿದವಳು ಮರುದಿನ ಬಿಸಿಲು ಬಂದ ಮೇಲೇ ಎದ್ದೆ.

ಯೂಟ್ಯೂಬ್ ನೋಡಿ ಕಣ್ಣು ಆಡಿಸಿಕೊಂಡರೆ ಸಾಕಲ್ವಾ ಎಂದು ಕೇಳುವವರಿಗೆ ಒಂದು ಮಾತು. ಆ ದಿನ ಕಾಲು ನಡುಗಿದಾಗ, ಅಳು ಬಂದಾಗ ನಾನು ಕೋಣೆಯಲ್ಲಿ ಒಬ್ಬಳೇ ಇದ್ದಿದ್ದರೆ ಏನಾಗುತ್ತಿತ್ತೋ. ತರಬೇತಿ ಪಡೆದವರ ಎದುರೇ ಮಾಡಿ. ಎಲ್ಲರಿಗೂ ಇದೇ ಚಿಕಿತ್ಸೆ ಹೊಂದುತ್ತದೆ ಅಂತಲೂ ಇಲ್ಲ, ಅದನ್ನೂ ಅವರೇ ನೋಡಿ ಹೇಳಬೇಕು.

ಮನೆಯಲ್ಲಿ ಮಾಡಿಕೊಳ್ಳಲು ಮೇಡಂ ಕಲಿಸಿದ್ದು ಒಂದೇ. ಎರಡೂ ಕೈ ಎದೆಯ ಮೇಲೆ ಅಡ್ಡ ಇಟ್ಟು, ಚಿಟ್ಟೆಯ ರೆಕ್ಕೆಯ ಹಾಗೆ ಒಂದಾದ ಮೇಲೊಂದು ಮೆಲ್ಲಗೆ ತಟ್ಟಿಕೊಳ್ಳುವುದು. 1997ರಲ್ಲಿ ಮೆಕ್ಸಿಕೋದ ಅಕಾಪುಲ್ಕೊಗೆ ಪೌಲಿನಾ ಚಂಡಮಾರುತ ಬಡಿದ ಮೇಲೆ, ಅಲ್ಲಿ ಬದುಕುಳಿದವರ ಜೊತೆ ಕೆಲಸ ಮಾಡುತ್ತಿದ್ದ ಲುಸಿನಾ ಆರ್ಟಿಗಾಸ್ ಇದನ್ನು ರೂಪಿಸಿದರಂತೆ. ಮಳೆ, ಪ್ರವಾಹ, ಕೆಸರು ಕಂಡ ಜನ. ಯಾಕೋ ಅವರು ನಮ್ಮವರೇ ಅನಿಸಿತು.

ಊರಿಗೆ ಹೋದಾಗ ಅಮ್ಮನಿಗೆ ಅದನ್ನು ತೋರಿಸಿದೆ. ಬೀಗದ ಕೈಯ ವಿಷಯವನ್ನೂ ಕೇಳಿದೆ. "ಹೌದು, ಹಾಕಿದ್ದೆ. ಬಾಗಿಲು ತೆರೆದಿಟ್ಟು ಬರ್ಲಿಕ್ಕಾಗ್ತದಾ?" ಅಂದಳು. ಸ್ವಲ್ಪ ಹೊತ್ತು ಎದೆ ತಟ್ಟಿಕೊಂಡು ಕೂತಳು. ಆಮೇಲೆ ಕೇಳಿದಳು, "ನಿನ್ನ ಮೇಡಂ ನನ್ನ ಹತ್ರವೂ ಮಾತಾಡ್ತಾರಾ?"

"ಗುಡ್ಡದ ವಿಷಯವಾ ಅಮ್ಮಾ?"

"ಅಲ್ಲ. ಕೊಟ್ಟಿಗೆಯಲ್ಲಿ ಗೌರಿಯ ಹಗ್ಗ ಬಿಚ್ಚಲಿಲ್ಲ ನಾನು."

ಮೇಡಂಗೆ ಹೇಳಿದೆ. ಮೊದಲು ವಿಡಿಯೋ ಕಾಲ್‌ನಲ್ಲಿ ಪರಿಚಯ ಮಾಡಿಕೊಳ್ಳೋಣ, ಹಸುವಿನ ಬಗ್ಗೆಯೇ ಮಾತಾಡಲಿ, ಅವಸರ ಬೇಡ ಅಂದರು. ಮುಂದಿನ ತಿಂಗಳ ಮೊದಲ ಶನಿವಾರ ಗೊತ್ತುಮಾಡಿದ್ದಾರೆ. ಅವತ್ತು ನಾನೂ ಮದೆನಾಡಿನಲ್ಲೇ ಇರುತ್ತೇನೆ.