ಸ್ವಿಫ್ಟ್ ಡೈರಿ: 42 ಸಾವಿರದಲ್ಲಿ ಯಾವುದು ಮೊದಲು?

ನನ್ನ 2013ರ ಸ್ವಿಫ್ಟ್ ವಿಡಿಐಗೆ ಈ ವರ್ಷ ಎತ್ತಿಟ್ಟ ದುಡ್ಡು 42 ಸಾವಿರ. ಆರ್‌ಸಿ 2028ಕ್ಕೆ ಮುಗಿಯುತ್ತೆ, ಆಮೇಲೆ ಎಫ್‌ಸಿ ಮಾಡಿಸಿ ಇಟ್ಕೊಳ್ತೀನೋ ಮಾರ್ತೀನೋ ಇನ್ನೂ ತೀರ್ಮಾನ ಆಗಿಲ್ಲ. ಹಾಗಾಗಿ ಸದ್ಯಕ್ಕೆ ಇದಕ್ಕಿಂತ ಮೇಲೆ ಒಂದು ರೂಪಾಯಿ ಹಾಕೋದಿಲ್ಲ. ಗಾಡಿ ಹೆಚ್ಚು ಓಡೋದು ಹಾಸನ–ಪುತ್ತೂರು ನಡುವೆ. ಅಂದ್ರೆ ಶಿರಾಡಿ ಘಾಟಿ, ಅದೂ ಶುಕ್ರವಾರ ಕೆಲಸ ಮುಗಿಸಿ ಹೊರಟರೆ ಕತ್ತಲಲ್ಲಿ, ಮಳೆಯಲ್ಲಿ.

ಪಟ್ಟಿಯಿಂದ ಮೊದಲು ಹಾರಿದ್ದು ರೀಮ್ಯಾಪ್, ಅಂದ್ರೆ ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಎಳೆತ ಹೆಚ್ಚಿಸೋದು. ಆಸೆ ಇಲ್ಲ ಅಂತಲ್ಲ. ಈ 1.3 ಲೀಟರ್ ಡೀಸೆಲ್ ಓಡಿಸಿದವರಿಗೆ ಗೊತ್ತು, 2000 ಆರ್‌ಪಿಎಂ ಮುಟ್ಟೋವರೆಗೆ ತೂಕಡಿಸ್ತಾ ಇರುತ್ತೆ. ಏರಿನಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡರೆ ಕಷ್ಟವೇ. ಆದರೆ ಹೆಚ್ಚಿದ ಟಾರ್ಕ್ ತಡೆಯಬೇಕಾದ್ದು ಕಂಪನಿಯಿಂದ ಬಂದ ಅದೇ ಹಳೇ ಕ್ಲಚ್. ಅದು ಸ್ಲಿಪ್ ಆಗೋಕೆ ಶುರುವಾದರೆ ಗೇರ್‌ಬಾಕ್ಸ್ ಇಳಿಸಬೇಕು, ಅಲ್ಲಿಗೆ ಬಜೆಟ್ ಢಮಾರ್. ಬೇರೆ ಎಕ್ಸಾಸ್ಟ್ (ಹೊಗೆ ಕೊಳವೆ) ಹಾಕಿಸು ಅಂತ ನನ್ನ ತಮ್ಮ ತಲೆ ತಿಂದ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಕಂಪನಿ ಕೊಟ್ಟ ಮೂಲ ವಿವರ ಬದಲಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ ಅಂದೆ. ಸುಮ್ಮನಾದ.

ದುಡ್ಡಿನ ಬಹುಪಾಲು ಹೋಗಿದ್ದು ಟೈರಿಗೆ. ಹಳೆಯವುಗಳಲ್ಲಿ ಕಚ್ಚು (ಟ್ರೆಡ್) ಸಾಕಷ್ಟಿತ್ತು, ಆದರೆ ಪಕ್ಕದಲ್ಲಿ ಕೊರೆದಿದ್ದ ಅಂಕಿ 3116. ಅಂದ್ರೆ 2016ರ 31ನೇ ವಾರದ ಮಾಲು. ಉಗುರು ಒತ್ತಿದರೆ ಕುರುಹೇ ಬೀಳದಷ್ಟು ರಬ್ಬರ್ ಗಟ್ಟಿಯಾಗಿತ್ತು, ಅಂಚಿನಲ್ಲಿ ಸಣ್ಣ ಬಿರುಕು. ಒದ್ದೆ ತಿರುವಿನಲ್ಲಿ ಇಂಥ ಟೈರು ಮುನ್ಸೂಚನೆ ಕೊಡದೇ ಜಾರುತ್ತೆ. ವಿಡಿಐಗೆ ಬರೋದು 165/80 ಆರ್14 ಸೈಜಿನ ಟೈರು, ಅದಕ್ಕಿಂತ ಮೇಲಿನ ಮಾಡೆಲ್ ಝಡ್‌ಡಿಐಗೆ 185/65 ಆರ್15. ಲೆಕ್ಕ ಹಾಕಿದೆ: ಮೊದಲನೆಯದರ ವ್ಯಾಸ 619.6 ಮಿ.ಮೀ., ಎರಡನೆಯದು 621.5. ಎರಡು ಮಿ.ಮೀ. ಕೂಡ ವ್ಯತ್ಯಾಸ ಇಲ್ಲ, ಸ್ಪೀಡೋಮೀಟರ್ ಸುಳ್ಳು ಹೇಳಲ್ಲ, ಹಳೇ 14 ಇಂಚಿನ ಸ್ಟೆಪ್ನಿಯೂ ನಡೆಯುತ್ತೆ. ಕಂಪನಿಯೇ ಇದೇ ಗಾಡಿಗೆ ಕೊಟ್ಟ ಸೈಜು ಅನ್ನೋದು ಇನ್ನೊಂದು ನೆಮ್ಮದಿ. ಝಡ್‌ಡಿಐಯಿಂದ ಬಿಚ್ಚಿದ ಸೆಕೆಂಡ್ ಹ್ಯಾಂಡ್ ಅಲಾಯ್ ಸೆಟ್ 9,500ಕ್ಕೆ ಸಿಕ್ಕಿತು. ಟೈರ್ ಅಂಗಡಿಯಲ್ಲಿ ಒಂದೊಂದನ್ನೂ ಬ್ಯಾಲೆನ್ಸಿಂಗ್ ಮಷೀನಿಗೆ ಹಾಕಿ ತಿರುಗಿಸಿ, ಬೆಂಡ್ ಇಲ್ಲ ಅಂತ ಖಾತ್ರಿಯಾದ ಮೇಲೇ ದುಡ್ಡು ಎಣಿಸಿದ್ದು. ಹೊಸ ಟೈರು ನಾಲ್ಕಕ್ಕೆ 20,800.

ಸಸ್ಪೆನ್ಷನ್‌ನಲ್ಲಿ ಸವೆಯುವ ಭಾಗಗಳಾದ ಲೋವರ್ ಆರ್ಮ್ ಬುಷ್, ಲಿಂಕ್ ರಾಡ್ ಸೇರಿ 5,600. ಇದನ್ನು ಮಾಡದೆ ಹೊಸ ಟೈರ್ ಹಾಕಿ ಅಲೈನ್‌ಮೆಂಟ್‌ಗೆ ನಿಲ್ಲಿಸೋದು ದಂಡ.

ಬ್ರೇಕ್: ಪ್ಯಾಡ್ ಮತ್ತು ಆಯಿಲ್, 3,100. ದೊಡ್ಡ ಡಿಸ್ಕ್ ಹಾಕಿಸೋರಿದ್ದಾರೆ. ನನಗೆ ಬೇಕಿದ್ದದ್ದು ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಅಷ್ಟೇ. ಅದು ಗಾಳಿಯ ತೇವ ಹೀರುತ್ತೆ. ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಇರೋ ಕುದಿಯುವ ಬಿಂದು, ತೇವ ಕುಡಿದ ಮೇಲೆ 155ರ ಹತ್ತಿರಕ್ಕೆ ಇಳಿಯಬಹುದು. ಸಕಲೇಶಪುರ ದಾಟಿ ಗುಂಡ್ಯದವರೆಗೆ ಬ್ರೇಕ್ ಒತ್ತುತ್ತಾ ಇಳಿಯುವಾಗ ಬಿಸಿಗೆ ಆಯಿಲ್ ಕುದ್ದು ಗುಳ್ಳೆ ಎದ್ದು ಪೆಡಲ್ ಸ್ಪಂಜಿನ ಹಾಗೆ ಆಗೋದು ಇದರಿಂದಲೇ. ಹೊರಬಂದ ಹಳೇ ಆಯಿಲ್ ಡಿಕಾಕ್ಷನ್ ಬಣ್ಣದಲ್ಲಿತ್ತು.

ಹೆಡ್‌ಲೈಟಿಗೆ ಎಲ್‌ಇಡಿ ಹಾಕಿಸು ಅಂತ ಎಲ್ಲರೂ ಹೇಳಿದರು. ಹ್ಯಾಲೊಜನ್‌ಗೆ ಮಾಡಿದ ರಿಫ್ಲೆಕ್ಟರ್‌ಗೆ ಅಗ್ಗದ ಎಲ್‌ಇಡಿ ತುರುಕಿದರೆ ಬೆಳಕು ಚೆದುರಿ ಎದುರಿನವನ ಕಣ್ಣಿಗೆ ಬಡಿಯುತ್ತೆ, ರಸ್ತೆಗಲ್ಲ. ಮೀಟರ್ ಹಿಡಿದು ನೋಡಿದಾಗ ಬ್ಯಾಟರಿಯಲ್ಲಿ 13.9 ವೋಲ್ಟ್, ಬಲ್ಬಿನ ಹೋಲ್ಡರಿನಲ್ಲಿ 12.4. ವೋಲ್ಟೇಜು ನೂರಕ್ಕೆ ಹತ್ತು ಇಳಿದರೆ ಹ್ಯಾಲೊಜನ್ ಬೆಳಕು ಸುಮಾರು ಮೂವತ್ತು ಕುಗ್ಗುತ್ತೆ. ಬ್ಯಾಟರಿಯಿಂದ ಬಲ್ಬಿಗೆ ನೇರ ಕರೆಂಟ್ ತರುವ 1,400 ರೂಪಾಯಿಯ ರಿಲೇ ವೈರಿಂಗ್ ಕಿಟ್ ಹಾಕಿ, ಅದೇ 60/55 ವಾಟ್ ಬಲ್ಬು ಉಳಿಸಿಕೊಂಡೆ. ಈಗ ಹೋಲ್ಡರಿನಲ್ಲಿ 13.6. ಬಿಳಿ ಗೆರೆ ಕಾಣುತ್ತೆ, ಸಾಕು.

ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಕಳೆದು ಉಳಿದ 700ಕ್ಕೆ ವೈಪರ್ ಬ್ಲೇಡ್ ತಂದಾಯ್ತು. ದೀಪಾವಳಿ ಬೋನಸ್ ಬಂದರೆ ಹಿಂಬದಿ ಶಾಕ್ ಅಬ್ಸಾರ್ಬರ್. ಮನೆಯವಳು ಟಚ್‌ಸ್ಕ್ರೀನ್ ಅಂತಿದ್ದಾಳೆ, ಮಾತುಕತೆ ನಡೀತಾ ಇದೆ.