ಹೊಸೂರು ರಸ್ತೆಯ ಸಮಾಧಿಗಳಿಗೆ ಹೋಗುವ ಮುಂಚೆ

ಬೆಂಗಳೂರಿನಲ್ಲಿ ಮುತ್ತಜ್ಜನ ಸಮಾಧಿ ಹುಡುಕಬೇಕು ಅಂತಿದ್ದರೆ ಮೊದಲು ಸ್ಮಶಾನಕ್ಕೆ ಹೋಗಬೇಡಿ, ಚರ್ಚಿನ ಆಫೀಸಿಗೆ ಹೋಗಿ ಸಮಾಧಿ ರಿಜಿಸ್ಟರ್ ನೋಡಿ. ಹಳ್ಳಿಯ ಹಾಗೆ ಇಲ್ಲಿ ಚರ್ಚಿನ ಅಂಗಳದಲ್ಲೇ ಎಲ್ಲರನ್ನೂ ಹೂಳಿಲ್ಲ. ಹೊಸೂರು ರಸ್ತೆ, ಕಲ್ಪಳ್ಳಿ ಹೀಗೆ ಬೇರೆ ಬೇರೆ ಕಡೆ ಮಣ್ಣು ಮಾಡಿದ್ದಾರೆ. ಹೊಸೂರು ರಸ್ತೆಯಲ್ಲೂ ಪ್ರಾಟೆಸ್ಟೆಂಟರ ಜಾಗ ಬೇರೆ, ಕ್ಯಾಥೋಲಿಕರದ್ದು ಬೇರೆ.

ನಮ್ಮ ಮುತ್ತಜ್ಜ ಮಿಷನ್ ಶಾಲೆಯ ಮೇಷ್ಟ್ರು. 'ದೊಡ್ಡ ಜ್ವರ ಬಂದಾಗ ಹೋದರಂತೆ' ಅಂತ ದೊಡ್ಡಮ್ಮ ಹೇಳುತ್ತಿದ್ದರು, ಅಷ್ಟೇ. ಅದು 1918ರ ಇನ್‌ಫ್ಲುಯೆಂಜಾ ಇರಬೇಕು ಅಂದುಕೊಂಡು ಆ ವರ್ಷದಿಂದ ಶುರು ಮಾಡಿದೆವು. ನೀವೂ ಮನೆಯ ಹಿರಿಯರನ್ನು ಎರಡು ವಿಷಯ ಕೇಳಿಟ್ಟುಕೊಳ್ಳಿ. ತೀರಿಕೊಂಡವರು ಯಾವ ಸಭೆಗೆ, ಅಂದರೆ ಯಾವ ಚರ್ಚಿಗೆ ಹೋಗುತ್ತಿದ್ದರು? ಇದ್ದದ್ದು ಪೇಟೆ ಕಡೆಯಾ, ದಂಡಿನ (ಕಂಟೋನ್ಮೆಂಟ್) ಕಡೆಯಾ? 1949ರವರೆಗೆ ಪೇಟೆ, ದಂಡು ಎರಡಕ್ಕೂ ಬೇರೆ ಬೇರೆ ಪುರಸಭೆ ಇತ್ತು. ಇನ್ನು ಆಂಗ್ಲಿಕನ್, ವೆಸ್ಲಿಯನ್, ಲಂಡನ್ ಮಿಷನ್ ಸಭೆಗಳೆಲ್ಲ 1947ರಲ್ಲಿ ಸಿಎಸ್ಐಗೆ (ಚರ್ಚ್ ಆಫ್ ಸೌತ್ ಇಂಡಿಯಾ) ಸೇರಿದವು. ಹಾಗಾಗಿ ಹಳೆ ರಿಜಿಸ್ಟರಿನ ಮೇಲಿನ ಚರ್ಚಿನ ಹೆಸರು ಈಗಿನ ಬೋರ್ಡಿಗೆ ಹೊಂದದಿದ್ದರೆ ಗಾಬರಿಯಾಗಬೇಡಿ.

ಹಳೆ ಸಮಾಧಿ ರಿಜಿಸ್ಟರಿನಲ್ಲಿ ಸತ್ತ ದಿನ, ಹೂಳಿದ ದಿನ, ವಯಸ್ಸು, ಕೆಲಸ, ಎಷ್ಟೋ ಕಡೆ ಸಾವಿನ ಕಾರಣವೂ ಇರುತ್ತದೆ. ಕಲ್ಲಿನ ಮೇಲೆ ಇಷ್ಟೆಲ್ಲ ಯಾರು ಕೆತ್ತಿಸುತ್ತಾರೆ? ಹೆಸರನ್ನು ಮಾತ್ರ ಗುಮಾಸ್ತರು ಕಿವಿಗೆ ಕೇಳಿದ ಹಾಗೆ ಇಂಗ್ಲಿಷಿನಲ್ಲಿ ಬರೆದಿರುತ್ತಾರೆ. ಚಿನ್ನಪ್ಪ, ದೇವದಾಸ ಎಲ್ಲಕ್ಕೂ ನಾಲ್ಕಾರು ಸ್ಪೆಲಿಂಗ್. ಮನೆತನದ ಹೆಸರೂ ಇಲ್ಲದವರನ್ನು ತಂದೆಯ ಹೆಸರು, ಕೆಲಸ ನೋಡಿಯೇ ಗುರುತಿಸಬೇಕು. ಆಫೀಸಿಗೆ ಮೊದಲೇ ಫೋನ್ ಮಾಡಿ, ಒಂದು ಪತ್ರ ಬರೆದುಕೊಂಡು ಹೋಗಿ. ಭಾನುವಾರ ಆರಾಧನೆ ಮುಗಿದ ಗದ್ದಲದಲ್ಲಿ ಕೇಳಿದರೆ ಯಾರೂ ಬೀರು ತೆಗೆಯುವುದಿಲ್ಲ.

ಸ್ಮಶಾನದಲ್ಲಿ ನಮಗೆ ಸಿಕ್ಕಿದ್ದು ಹೊಸ ಗ್ರಾನೈಟ್ ಕಲ್ಲು. ಅದರ ಮೇಲೆ ಅಜ್ಜಿಯ ಹೆಸರು ಮಾತ್ರ. ಜಾಗ ಸಾಲದ ಊರಲ್ವಾ, ಒಂದೇ ಗುಂಡಿಯನ್ನು ಮತ್ತೆ ತೆಗೆದು ಮನೆಯವರನ್ನೇ ಹೂಳುತ್ತಾರೆ. ಕಲ್ಲು ಬದಲಾದಾಗ ಹಳೆ ಹೆಸರು ಹೋಗಿಬಿಡುತ್ತದೆ. ಮುತ್ತಜ್ಜನೂ ಅಲ್ಲೇ ಇದ್ದಾರೆ ಅಂತ ತಿಳಿದದ್ದು ರಿಜಿಸ್ಟರಿನ ಸಮಾಧಿ ನಂಬರಿನಿಂದ. ಬರೀ ಹೆಸರು ಹುಡುಕುತ್ತಾ ಅಲೆದಿದ್ದರೆ ಮುಂದೆ ನಡೆದುಬಿಡುತ್ತಿದ್ದೆವು.

ಮಳೆಗಾಲದಲ್ಲಿ ಗಿಡಗಂಟಿ ಜಾಸ್ತಿ, ಹಾವಿನ ಭಯವೂ ಇದೆ. ಬೂಟು ಹಾಕಿಕೊಳ್ಳಿ. ನವೆಂಬರ್ 2, ಸತ್ತವರನ್ನು ನೆನೆಯುವ ದಿನ. ಅದಕ್ಕೆ ಮುಂಚೆ ಜನ ಬಂದು ಸಮಾಧಿ ತೊಳೆದು, ಹುಲ್ಲು ಕೀಳುತ್ತಾರೆ. ಆ ವಾರ ಹೋದರೆ ಅನುಕೂಲ, ಆ ದಿನ ಮಾತ್ರ ಬೇಡ, ಕಾಲಿಡಲು ಜಾಗ ಇರುವುದಿಲ್ಲ. ಸವೆದ ಅಕ್ಷರ ಓದಲು ಬೆಳಗಿನ ಓರೆ ಬಿಸಿಲು ಒಳ್ಳೆಯದು, ಇಲ್ಲದಿದ್ದರೆ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಸೀಮೆಸುಣ್ಣ, ಆಸಿಡ್, ತಂತಿ ಬ್ರಷ್ ಯಾವುದೂ ಬೇಡ, ಕಲ್ಲು ಹಾಳಾಗುತ್ತದೆ.

ನಿಮ್ಮವರು ಮಿಷನ್ನಿನ ಮೇಷ್ಟ್ರೋ ಉಪದೇಶಿಯೋ ಆಗಿದ್ದರೆ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ದಾಖಲೆ ವಿಭಾಗವನ್ನೂ ಕೇಳಿ ನೋಡಿ. ವೆಸ್ಲಿಯನ್, ಲಂಡನ್ ಮಿಷನ್ನುಗಳ ಮೂಲ ಪತ್ರಗಳು ಲಂಡನ್ನಿನ ಸೋಆಸ್ (SOAS) ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ನಾವಿನ್ನೂ ಅಲ್ಲಿಗೆ ಬರೆದಿಲ್ಲ.