ಅರ್ಧ ಪಾಲಿನ ಲೆಕ್ಕ

ದಾವಣಗೆರೆ, 14 ನವೆಂಬರ್ 2025, ಶುಕ್ರವಾರ ರಾತ್ರಿ

ನಮ್ಮ ಫುಟ್‌ಬಾಲ್ ಕ್ಲಬ್ಬೂ ಕ್ರಿಕೆಟ್ ಕ್ಲಬ್ಬೂ ಹಂಚಿಕೊಂಡು ಆಡುವ ಮೈದಾನದ ಹೊಸ ಕರಾರಿನ ಕರಡನ್ನು ಕ್ರಿಕೆಟ್ ಕ್ಲಬ್ಬಿನ ಕಾರ್ಯದರ್ಶಿಗಳು ಸಂಜೆ ನನ್ನ ಕೈಗಿತ್ತರು. ಕಾವಲುಗಾರನ ಸಂಬಳ, ಬೋರ್‌ವೆಲ್ಲಿನ ಕರೆಂಟ್ ಬಿಲ್ಲು, ಹುಲ್ಲಿನ ಆರೈಕೆ, ರೋಲರ್ ರಿಪೇರಿ, ಜೊತೆಗೆ ಮುಂದಿನ ವರ್ಷ ಹಾಕಿಸಬೇಕೆಂದಿರುವ ಹೊನಲು ಬೆಳಕಿನ ಕಂಬಗಳ ಸಾಲದ ಕಂತು, ಇವೆಲ್ಲವೂ ಎರಡು ಕ್ಲಬ್ಬುಗಳಿಗೆ ಸರಿಸಮ. "ಇಬ್ರೂ ಆಡ್ತೀವಿ, ಅರ್ಧರ್ಧ ಹಾಕ್ಕೊಂಡ್ರೆ ಮುಗೀತಲ್ರೀ" ಎಂದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ. ನಮ್ಮನ್ನು ಸಮಾನರೆಂದು ಗೌರವಿಸಿಯೇ ಹಾಗೆ ಬರೆದಿದ್ದಾರೆ. ನನಗೆ ಉತ್ತರ ಹೇಳಲು ಕಷ್ಟವಾದದ್ದೂ ಅದರಿಂದಲೇ.

ಕಾಂಪೌಂಡಿನ ಮೇಲೆ ಬರುವ ಜಾಹೀರಾತು ಫಲಕಗಳ ಹಣದ ಬಗ್ಗೆ ಕರಡಿನಲ್ಲಿ ಒಂದು ಸಾಲೂ ಇರಲಿಲ್ಲವಾದ್ದರಿಂದ ಕೇಳಿದೆ. "ಬೋರ್ಡು ಬರೋದು ನಮ್ ಟೂರ್ನಮೆಂಟ್ ನೋಡಿ ಸಾರ್, ಅದನ್ನ ಹೆಂಗ್ ಹಂಚೋದು?" ಎಂದರು. ಆ ಮಾತಿನಲ್ಲಿ ಸತ್ಯವಿದೆ. ನಮ್ಮ ಫುಟ್‌ಬಾಲ್ ಹುಡುಗರ ಆಟ ನೋಡಿ ಯಾವ ಬಟ್ಟೆ ಅಂಗಡಿಯವರೂ ಫಲಕ ಕೊಡುವುದಿಲ್ಲ. ಆದರೆ ಟೂರ್ನಿ ಮುಗಿದ ಮೇಲೂ ಅದೇ ಫಲಕಗಳು ತಿಂಗಳುಗಟ್ಟಲೆ ಅಲ್ಲಿಯೇ ಇರುತ್ತವೆ, ಪ್ರತಿ ಸಂಜೆ ಅವುಗಳ ಮುಂದೆ ಆಡುವವರು ನಮ್ಮ ಹುಡುಗರು, ಅವರನ್ನು ಕರೆತಂದು ಗೇಟಿನ ಬಳಿ ಕಾಯುತ್ತ ನಿಲ್ಲುವ ತಂದೆತಾಯಿಯರೇ ಅವನ್ನು ಓದುವವರು. ಖರ್ಚು ಮೈದಾನದ್ದು, ಆದಾಯ ಟೂರ್ನಿಯದ್ದು ಎಂದು ಗೆರೆ ಎಳೆದರೆ ಅರ್ಧ ಎನ್ನುವ ಮಾತು ನಮ್ಮ ಖಜಾನೆಯ ಕಡೆಗೆ ಮಾತ್ರ ತಿರುಗುತ್ತದೆ.

ಊಟವಾದ ಮೇಲೆ ಮ್ಯೂನಿಕ್ ನೆನಪಾಯಿತು. 2005ರಲ್ಲಿ ತೆರೆದ ಅಲಿಯಾಂಜ್ ಅರೀನಾ ಕ್ರೀಡಾಂಗಣದಲ್ಲಿ ಬಾಯರ್ನ್ ಮತ್ತು 1860 ಮ್ಯೂನಿಕ್ ಎಂಬ ಎರಡು ಫುಟ್‌ಬಾಲ್ ಕ್ಲಬ್ಬುಗಳಿಗೆ ಶೇಕಡಾ 50ರಂತೆ ಒಡೆತನವಿತ್ತು. ಕಾಗದದ ಮೇಲೆ ಅದಕ್ಕಿಂತ ನ್ಯಾಯವಾದ ಹಂಚಿಕೆ ಇರಲಾರದು. ಆದರೆ 1860 ತಂಡ 2004ರಲ್ಲೇ ಎರಡನೆಯ ದರ್ಜೆಗೆ ಇಳಿದಿತ್ತು. ಹೊರೆ ಮೊದಲ ದರ್ಜೆಯದಾಗಿ ಉಳಿದು, ಟಿಕೆಟ್ ಮತ್ತು ಟಿವಿಯ ಹಣ ಎರಡನೆಯ ದರ್ಜೆಯದಾಯಿತು. 2006ರಲ್ಲಿ, ಅಂದರೆ ತೆರೆದ ಒಂದೇ ವರ್ಷದಲ್ಲಿ, ಅವರು ತಮ್ಮ ಅರ್ಧವನ್ನು 1.1 ಕೋಟಿ ಯೂರೋಗೆ ಬಾಯರ್ನ್‌ಗೇ ಮಾರಿ, ತಾವು ಒಡೆಯರಾಗಿದ್ದ ಅಂಗಳದಲ್ಲಿ ಬಾಡಿಗೆದಾರರಾದರು. 2017ರಲ್ಲಿ ಅಲ್ಲಿಂದಲೂ ಹೊರಟು ತಮ್ಮ ಹಳೆಯ ಗ್ರುನ್‌ವಾಲ್ಡರ್ ಮೈದಾನಕ್ಕೆ ಮರಳಿದರು.

ಮಿಲಾನಿನ ಸ್ಯಾನ್ ಸಿರೋದಲ್ಲಿ ಅದೇ ಅರ್ಧದ ಹಂಚಿಕೆ ನಡೆದುಕೊಂಡು ಬಂದಿದೆ. ಎಸಿ ಮಿಲಾನ್ ಇದ್ದಲ್ಲಿಗೆ ಇಂಟರ್ 1947ರಲ್ಲಿ ಬಂದು ಸೇರಿತು. ಕ್ರೀಡಾಂಗಣ ನಗರಸಭೆಯದಾಗಿತ್ತು, ನಿರ್ವಹಣೆ ಇಬ್ಬರೂ ಸಮಪಾಲು ಹೊಂದಿದ ಜಂಟಿ ಕಂಪನಿಯದು. ಕಳೆದ ವಾರ ಇಬ್ಬರೂ ಸೇರಿ 19.7 ಕೋಟಿ ಯೂರೋಗೆ ಅದನ್ನು ನಗರಸಭೆಯಿಂದ ಕೊಂಡುಕೊಂಡಿದ್ದಾರೆ. ಎರಡೂ ದೊಡ್ಡ ಕ್ಲಬ್ಬುಗಳು, ಎರಡಕ್ಕೂ ಜನ ತುಂಬುತ್ತಾರೆ. ಆದ್ದರಿಂದ ಅರ್ಧ ಎಂಬುದು ಅಲ್ಲಿ ಯಾರಿಗೂ ಭಾರವಾಗಲಿಲ್ಲ. ಲಾಸ್ ಏಂಜಲೀಸ್‌ನಲ್ಲಿ ಸಮಪಾಲಿನ ಮಾತೇ ಇಲ್ಲ: ಅಮೆರಿಕನ್ ಫುಟ್‌ಬಾಲ್ ಆಡುವ ರ‍್ಯಾಮ್ಸ್ ತಂಡದ ಒಡೆಯರು ಕಟ್ಟಿಸಿದ ಸೋಫೈ ಕ್ರೀಡಾಂಗಣಕ್ಕೆ ಚಾರ್ಜರ್ಸ್ ತಂಡ ಕೊಡುವ ಬಾಡಿಗೆ ವರ್ಷಕ್ಕೆ 1 ಡಾಲರ್. ಆದರೆ ಅಲ್ಲಿ ಒಡೆತನ ಒಬ್ಬರದೇ. ಒಡೆಯರ ಮರ್ಜಿ ಬದಲಾದರೆ ಆ ಒಂದು ಡಾಲರ್ ಯಾರನ್ನು ಕಾಯುತ್ತದೆ ಎಂಬ ಭಯವನ್ನು ನನ್ನಂಥ ಸಣ್ಣ ಕ್ಲಬ್ಬಿನ ಖಜಾಂಚಿ ಮನಸ್ಸಿನಿಂದ ತೆಗೆದುಹಾಕಲಾರ.

ಭದ್ರಾ ನಾಲೆಯ ನೀರು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸರದಿಯ ದಿನಗಳನ್ನು ಎಷ್ಟೇ ಸಮನಾಗಿ ಬರೆದರೂ ಕೊನೆಭಾಗದ ಗದ್ದೆಗೆ ಬರುವ ನೀರು ಬೇರೆಯೇ.

ನಮ್ಮ ಹುಡುಗರಿಗೆ ಆಟ ಕಲಿಸುವ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಕರಡಿನ ವಿಷಯ ಕೇಳಿಸಿಕೊಳ್ಳುವ ಮೊದಲೇ ಹದಿನಾಲ್ಕರ ಒಳಗಿನವರಿಗೆ ಚೆಂಡು ಬೇಕೆಂದರು, ಹೊಲಿಗೆ ಬಿಚ್ಚಿದ ಚೆಂಡಿನಲ್ಲಿ ಮಕ್ಕಳು ಆಡುತ್ತಿದ್ದಾರೆಂದರು. ನಾಳೆಯೇ ತರಿಸುತ್ತೇನೆ ಎಂದೆ. ಆ ಮಕ್ಕಳಲ್ಲಿ ಅರ್ಧದಷ್ಟು ಮಂದಿಯ ಮಾಸಿಕ ಶುಲ್ಕವನ್ನು ನಾವು ಕೇಳುವುದೇ ಇಲ್ಲ, ಕೇಳಲೂಬಾರದು.

ಕಾವಲು, ನೀರು, ಹುಲ್ಲು ನಾವು ಆಡಿದರೂ ಆಡದಿದ್ದರೂ ತಪ್ಪದ ಖರ್ಚುಗಳು. ಅವುಗಳ ಅರ್ಧವನ್ನು ಕೊಡಲು ನನ್ನ ತಕರಾರಿಲ್ಲ. ದೀಪದ ಬಿಲ್ಲಿಗೆ ಮೀಟರು ಇಡಿಸಿ, ಯಾರು ಎಷ್ಟು ಗಂಟೆ ಉರಿಸಿದರೋ ಅಷ್ಟು ಅವರದೆಂದು ಬರೆಯಬಹುದು. ರೋಲರ್ ಪಿಚ್ಚಿಗೆ ಬೇಕಾದದ್ದು, ಅದು ಅವರದು. ನಮ್ಮ ಬೂಟಿನ ಮೊಳೆಗಳಿಂದ ಹುಲ್ಲು ಕಿತ್ತರೆ ಅದರ ದುರಸ್ತಿ ನಮ್ಮದು. ಫಲಕಗಳ ಹಣದಲ್ಲಿ ಟೂರ್ನಿಯ ದಿನಗಳದ್ದನ್ನು ಅವರೇ ಇಟ್ಟುಕೊಳ್ಳಲಿ, ಉಳಿದ ತಿಂಗಳುಗಳದ್ದು ಮೊದಲು ಮೈದಾನದ ಖಾತೆಗೆ ಬಂದು ಸಾಲದ ಕಂತಿಗೆ ಹೋಗಲಿ. ಇಷ್ಟನ್ನು ಅವರು ಒಪ್ಪಿಯಾರು ಎಂಬ ನಂಬಿಕೆ ನನಗಿದೆ. ಕಂಬಗಳ ಒಡೆತನದ ಕಲಮು ಮಾತ್ರ ಬಗೆಹರಿಯುತ್ತಿಲ್ಲ. ಒಂದು ವರ್ಷ ನಾವು ಕಂತು ಕಟ್ಟಲಾಗದೆ ಹೋದರೆ, ಅಲ್ಲಿಯವರೆಗೆ ಕಟ್ಟಿದ್ದು ಪಾಲಾಗಿ ಉಳಿಯಬೇಕೋ, ಬಾಡಿಗೆಯೆಂದು ಕರಗಬೇಕೋ, ಅಥವಾ ಬಾಕಿಯನ್ನು ಎರಡು ವರ್ಷದೊಳಗೆ ತೀರಿಸಿ ಪಾಲನ್ನು ಮರಳಿ ಪಡೆಯುವ ಅವಕಾಶವನ್ನು ಈಗಲೇ ಬರೆಸಿಕೊಂಡರೆ, ಆ ಎರಡು ವರ್ಷ ಬಡ್ಡಿ ಯಾರ ತಲೆಯ ಮೇಲೆ?